ಶೇಖರ ಕೂತಿದ್ದ ಹೆಗಲು

ಶೇಖರನ ರಗಳೆಗೆಲ್ಲ ಕಾರಣ 'ಹೆಗಲು' ಎಂಬ ಮೂರಕ್ಷರದ ಒಂದು ಶಬ್ದ.

ಗಂಗೊಳ್ಳಿಯ ಹುಡುಗರು ಈ ವರ್ಷ ಹೊಸದಾಗಿ ಫುಟ್ಬಾಲ್ ಪಂದ್ಯಾಟ ಶುರುಮಾಡಿದ್ದರು. ಅದರ ಜೊತೆಗೆ 'ನಾನು ಕಂಡ ಮೊದಲ ಮ್ಯಾಚ್' ಎಂದು ಬರೆಯುವ ಸ್ಪರ್ಧೆಯನ್ನೂ ಇಟ್ಟಿದ್ದರು. ಬಂದರಿನ ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಆಗಿದ್ದ ಶೇಖರ, ಶಾಲೆ ಬಿಟ್ಟ ಮೇಲೆ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಪೆನ್ನು ಊರಿದವನಲ್ಲ. ಆದರೆ ಫುಟ್ಬಾಲಿನ ಹೆಸರು ಕೇಳಿದರೆ ಅವನಿಗೆ ಮೈಮೇಲೆ ಬಂದ ಹಾಗಾಗುತ್ತಿತ್ತು. ಒಂದೇ ಏಟಿಗೆ ಒಂದೂವರೆ ಪುಟ ಬರೆದು ಕಳಿಸಿದ.

'ನನಗಾಗ ಆರು ವರ್ಷ. ಗಾಳಿಮರದ ಮೈದಾನದಲ್ಲಿ ಗಂಗೊಳ್ಳಿಗೂ ಬಿಜೂರಿಗೂ ಫೈನಲ್. ಅಪ್ಪಯ್ಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಯಾರು ಗೆದ್ದರೋ ನೆನಪಿಲ್ಲ. ಇಡೀ ಮೈದಾನ ಒಂದೇ ಸಲ ಕೂಗಿದ್ದು ಮಾತ್ರ ಇಂದಿಗೂ ಕಿವಿಯಲ್ಲಿದೆ. ಮರುವರ್ಷ ಅಪ್ಪಯ್ಯ ತೀರಿಕೊಂಡರು. ನನಗೆ ಅವರು ಬಿಟ್ಟುಹೋದ ಆಸ್ತಿ ಎಂದರೆ ಫುಟ್ಬಾಲು.'

ಪ್ರಥಮ ಬಹುಮಾನ ಬಂತು. ಆದಿತ್ಯವಾರ ಸಂಜೆ ನಾಲ್ಕಕ್ಕೆ, ಗಂಗೊಳ್ಳಿ–ಬಿಜೂರು ಮ್ಯಾಚಿಗೆ ಮುಂಚೆ, ಶೇಖರನಿಗೆ ಶಾಲು ಹೊದೆಸುವುದು; ಮೊದಲ ಒದೆತವೂ ಅವನದೇ. ಆ ದಿನ ಬೆಳಿಗ್ಗೆ ಬರಹವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಏಳೂವರೆಗೆ ಪಕ್ಕದ ಮನೆಯ ನಾಗಕ್ಕ ಮೀನಿನ ಬುಟ್ಟಿಯ ಸಮೇತ ಅಂಗಳಕ್ಕೆ ಬಂದು ನಿಂತಳು. ಗುಂಪಿನಲ್ಲಿ ಬಂದದ್ದನ್ನು ಮೊಮ್ಮಗಳು ಅವಳಿಗೆ ಓದಿ ಹೇಳಿದ್ದಳು.

"ಹ್ವಾಯ್ ಶೇಖರಾ, ಎಂತ ಬರ್ದಿದ್ದೆ ನೀನ್? ಯಾರ ಹೆಗ್ಲ್ ಅದ್?"

"ಅಪ್ಪಯ್ಯಂದ್ ನಾಗಕ್ಕಾ."

"ಆ ವರ್ಷ ನಿನ್ ಅಪ್ಪಯ್ಯ ರತ್ನಾಗಿರಿ ಬೋಟಂಗೆ ಇದ್ದಿದ್ದ. ದೀಪಾವಳಿಗೂ ಬರ್ಲಿಲ್ಲೆ, ಮಳೆಗಾಲ ಶುರುವಾದ್ ಮೇಲೇ ಬಂದದ್ದ್. ಹೆಗ್ಲ್ ಒಂದೇ ಬಸ್ಸಂಗೆ ಪಾರ್ಸೆಲ್ ಬಂದಿತ್ತಾ?"

"ನಂಗ್ ಲಾಯ್ಕ್ ನೆನಪಿತ್ತ್ ಅಕ್ಕಾ."

"ಮೊನ್ನೆ ಕೊಡೆ ಎಲ್ಲಿಟ್ಟೆ ಅಂತ ನಿಂಗ್ ನೆನಪಿಲ್ಲೆ. ಮೂವತ್ತೈದ್ ವರ್ಷದ್ ಹಿಂದಿನ್ ಹೆಗ್ಲ್ ನೆನಪಿತ್ತಾ?"

ನಾಗಕ್ಕನ ದನಿ ಬಂದರಿನಲ್ಲಿ ಹರಾಜು ಕೂಗಿ ಪಳಗಿದ್ದು. ಐದೇ ನಿಮಿಷದಲ್ಲಿ ಇಡೀ ಓಣಿಗೆ ಸುದ್ದಿ ಮುಟ್ಟಿತು. ಶೇಖರ ಒಳಗೆ ಬಂದು ಹೆಂಡತಿ ಉಮಾವತಿಯ ಮುಖ ನೋಡಿದ. ಅವಳು ದೋಸೆ ಮಗುಚುತ್ತ, "ಅತ್ತೆ ಇದ್ದಿದ್ರೆ ಅವ್ರ್ ಹತ್ರ ಕೇಣ್ಲಕ್ಕಿತ್ತ್" ಎಂದಳು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಶೇಖರ ದೋಸೆ ಅರ್ಧಕ್ಕೇ ಬಿಟ್ಟು ಐಸ್ ಪ್ಲಾಂಟಿಗೆ ಹೊರಟ.

ಅಲ್ಲಿ ಐಸ್ ಪುಡಿ ಮಾಡುವ ಆಳು ಗುಡ್ಡ ಕಾಯುತ್ತಲೇ ಇದ್ದ. "ಅದ್ ಫುಟ್ಬಾಲೇ ಅಲ್ಲ ಮಾರಾಯ! ಆ ಮೈದಾನದಂಗೆ ಆಗ ಮೀನ್ ಒಣ್ಗ್ಸ್ತಿದ್ರ್. ಮಧ್ಯ ಚೂರ್ ಜಾಗದಂಗೆ ವಾಲಿಬಾಲ್ ಆಡ್ತಿದ್ದದ್ದ್. ನೀ ಕಂಡದ್ದ್ ವಾಲಿಬಾಲ್."

"ವಾಲಿಬಾಲ್ ಕಾಲಂಗೆ ಒದೀತ್ರಾ?"

"ನಮ್ಮೂರಿನವ್ರ್ ಸಂಗ್ತಿ ಹೇಳುಕಾತಿಲ್ಲೆ. ಒದ್ದಿರ್ಲಕ್ಕ್."

ಪ್ಲಾಂಟಿನಲ್ಲಿ ಎಲ್ಲರಿಗಿಂತ ಹಿರಿಯನಾದ ಕಿಟ್ಟಣ್ಣ ಬೀಡಿ ಆರಿಸಿ ಮಧ್ಯೆ ಬಾಯಿ ಹಾಕಿದ. "ಫುಟ್ಬಾಲೇ ಹೌದ್. ಬಿಜೂರಿನವ್ರ್ ಒಂದ್ ಗೋಲಿಗ್ ಗೆದ್ರ್. ಆದ್ರೆ ಇಂವ ಅಲ್ಲಿ ಇರ್ಲಿಲ್ಲೆ. ಇವಂಗ್ ಕೆಪ್ಪಟ್ರಾಯ ಆಯಿತ್. ಕೆನ್ನೆ ಎರ್ಡೂ ಬಾತ್ಕಂಡ್, ಅರಿಶಿನ ಮೆತ್ಕಂಡ್, ಜಗ್ಲಿ ಮೇಲ್ ಕೂಕಂಡಿದ್ದದ್ ನಾನೇ ಕಂಡಿದ್ದೆ."

"ಕೆಪ್ಪಟ್ರಾಯ ಆದದ್ದ್ ಇವನ ತಮ್ಮಂಗೆ" ಎಂದ ಇನ್ನೊಬ್ಬ. "ನಂಗ್ ತಮ್ಮ ಇಲ್ಲೆ" ಎಂದ ಶೇಖರ. "ಹಾಂಗಾರೆ ನಿಂಗೇ ಆದದ್ದ್" ಎಂದು ಅವನು ನಿರ್ಣಯ ಕೊಟ್ಟ.

ಹತ್ತು ಗಂಟೆಯ ಹೊತ್ತಿಗೆ ಶೇಖರನ ತಲೆ ಬಲೆಯೊಳಗೆ ಸಿಕ್ಕ ಏಡಿಯಂತಾಗಿತ್ತು. ಒಂದು ಕಾಲು ಬಿಡಿಸಿದರೆ ಇನ್ನೆರಡು ಸಿಕ್ಕಿಕೊಳ್ಳುತ್ತಿದ್ದವು. ಅಪ್ಪಯ್ಯ ರತ್ನಾಗಿರಿಯಲ್ಲಿ, ಆಟ ವಾಲಿಬಾಲು, ತಾನು ಜಗಲಿಯ ಮೇಲೆ. ಹಾಗಾದರೆ ಆ ಮೈದಾನದಲ್ಲಿ ಇದ್ದವರು ಯಾರು? ತಾನು ಆರು ವರ್ಷದವನಾಗಿದ್ದದ್ದಾದರೂ ನಿಜವೋ ಅಲ್ಲವೋ ಎಂದೇ ಅವನಿಗೆ ಅನುಮಾನ ಬಂತು.

ಅಷ್ಟರಲ್ಲಿ ಪಂದ್ಯಾಟದ ಕಾರ್ಯದರ್ಶಿ ಅನೂಪನ ಫೋನು. "ಶೇಖರಣ್ಣ, ಬೇಜಾರ್ ಮಾಡ್ಕಣ್ಬೇಡಿ. ಗುಂಪಂಗೆ ಗಲಾಟೆ ಆತಿತ್ತ್. ಸುಳ್ಳ್ ಬರ್ದವ್ರಿಗೆ ಶಾಲ್ ಹೊದ್ಸುದಾ ಅಂತ ಕೇಂತಿದ್ರ್. ನಾಲ್ಕ್ ಗಂಟೆ ಒಳ್ಗೆ ಒಬ್ಬ ಸಾಕ್ಷಿನಾದ್ರೂ ಕರ್ಕಂಡ್ ಬನ್ನಿ. ಇಲ್ದಿರೆ ಎರಡ್ನೇ ಬಹುಮಾನದವ್ರಿಗೆ ಕೊಡ್ಕಾತ್ತ್."

ಶಾಲು ಹೋದರೆ ಹೋಗಲಿ, ಅದಕ್ಕೆ ಅವನು ಅಳುವವನಲ್ಲ. ಆದರೆ ಅಪ್ಪಯ್ಯನ ಮುಖ ಅವನಿಗೆ ಗೋಡೆಯ ಫೋಟೋದಿಂದ ಗೊತ್ತು, ದನಿ ಗೊತ್ತೇ ಇಲ್ಲ. ಕೈಯಲ್ಲಿ ಹಿಡಿದ ಬೆವರಿದ ಕೂದಲು, ತೊಡೆಯ ಕೆಳಗಿನ ಗಟ್ಟಿ ಹೆಗಲು, ಕೆಳಗೆ ಅಷ್ಟು ದೂರದಲ್ಲಿ ಕಂಡ ಹುಲ್ಲು, ಇಷ್ಟು ಮಾತ್ರ ಅವನ ಸ್ವಂತದ್ದು. ಅದನ್ನೂ ಇವರು ಬುಟ್ಟಿಗೆ ಹಾಕಿಕೊಂಡು ಹೋದರೆ ಉಳಿಯುವುದೇನು?

ಅವನ ಮುಖ ನೋಡಿ ಕಿಟ್ಟಣ್ಣನಿಗೆ ಪಾಪ ಅನ್ನಿಸಿತು. "ಪದ್ದು ಹತ್ರ ಕೇಣ್. ಆಗ ನಮ್ಮೂರಿನ್ ಗೋಲ್‌ಕೀಪರ್ ಅವ್ನೇ. ಈಗ ಬಿಜೂರಂಗೆ ಹೆಂಡ್ತಿ ಮನೆಯಂಗೆ ಇದ್ದ. ಆ ಮ್ಯಾಚ್ ಸೋತ್ ಮೇಲ್ ಈ ಊರಿಗ್ ಬರ್ಲಿಲ್ಲೆ. ಬಿಜೂರಿನವ್ರ್ ಕೊಟ್ಟ ನೂರ್ ತೆಂಗಿನ್ಕಾಯಿಗೆ ಗೋಲ್ ಬಿಟ್ ಕೊಟ್ಟ ಅಂಬ್ರ್."

ಶೇಖರ ಸ್ಕೂಟರ್ ಹತ್ತಿದ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಎಂದೂ ನಿಂತು ನೋಡದ ಅವನು ಇಂದೂ ನೋಡಲಿಲ್ಲ. ಬಿಜೂರಿನಲ್ಲಿ ಮೂರು ತಪ್ಪು ಮನೆಗೆ ಹೋಗಿ, ಎರಡು ನಾಯಿಗಳಿಂದ ಓಡಿಸಿಕೊಂಡು, ಕಡೆಗೆ ಪದ್ದಣ್ಣನ ತೋಟ ತಲುಪಿದಾಗ ಗಂಟೆ ಒಂದೂವರೆ. ಎಪ್ಪತ್ತರ ಹತ್ತಿರದ ಎತ್ತರದ ಆಳು, ತೆಂಗಿನ ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ಗಂಗೊಳ್ಳಿ ಎಂದ ಕೂಡಲೇ ಅವರ ಹಾರೆ ನಿಂತಿತು.

"ಗಂಗೊಳ್ಳಿಯವ್ರಿಗೆ ನನ್ ಹತ್ರ ಎಂತ ಕೆಲ್ಸ?"

ಶೇಖರ ಎಲ್ಲ ಹೇಳಿದ. ಫುಟ್ಬಾಲು, ವಾಲಿಬಾಲು, ಕೆಪ್ಪಟ್ರಾಯ, ರತ್ನಾಗಿರಿ ಒಂದರ ಮೇಲೊಂದು ಬಿದ್ದು ಅವನಿಗೇ ತಾನು ಹೇಳುವುದು ಅರ್ಥವಾಗಲಿಲ್ಲ. ಕೊನೆಗೆ, "ಅವತ್ತ್ ಆ ಮೈದಾನದಂಗೆ ಯಾರ್ದಾರೂ ಹೆಗ್ಲ್ ಮೇಲೆ ಒಂದ್ ಸಣ್ಣ ಮಾಣಿ ಇದ್ದದ್ ನಿಮ್ಗ್ ನೆನಪಿತ್ತಾ? ಆ ಮಾಣಿ ನಾನೇ" ಎಂದ.

ಪದ್ದಣ್ಣ ಹಾರೆ ಕೆಳಗಿಟ್ಟರು. "ಎಂತ ಅಂದೆ?"

"ಆ ಮಾಣಿ ನಾನೇ."

"ಕೆಂಪ್ ಚಡ್ಡಿ?"

ಶೇಖರನಿಗೆ ನೆನಪಿರಲಿಲ್ಲ. ಅವರು ಯಾವ ಬಣ್ಣ ಹೇಳಿದ್ದರೂ ಅವನು ಹೂಂ ಅನ್ನುವವನೇ. "ಹೌದ್, ಕೆಂಪೇ!"

ಪದ್ದಣ್ಣ ಹತ್ತಿರ ಬಂದು, ತೆಂಗಿನಕಾಯಿ ಆರಿಸುವವರ ಹಾಗೆ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಎಡಗಿವಿಯ ಹಿಂದೆ ನೋಡಿದರು. ಅಲ್ಲಿ ಹುಣಸೆ ಬೀಜದಷ್ಟು ದೊಡ್ಡ ಮಚ್ಚೆ ಇತ್ತು. ಅವರ ಕಣ್ಣಲ್ಲಿ ನೀರು ಬಂತು.

"ನೀನೇ ಮಗಾ! ನೀನೇ! ಇಷ್ಟ್ ವರ್ಷ ಎಲ್ಲ್ ಸತ್ತಿದ್ದೆ? ಆ ಮಾಣಿ ನಾನೇ ಅಂತ ಊರಿನವ್ರ್ ಎದ್ರ್ ಗಟ್ಟಿ ಹೇಳ್ತ್ಯಾ?"

"ಹೇಳ್ತೆ!"

"ಹಿಂದ್ ಸರೀತಿಲ್ಲೆ ಅಲ್ದಾ?"

"ದೇವ್ರಾಣೆ ಇಲ್ಲೆ! ಪದ್ದಣ್ಣಾ, ನನ್ ಎತ್ತಿ ಕೂರ್ಸ್ಕಂಡದ್ದ್ ಯಾರ್ ಅಂತ ನಿಮ್ಗ್ ಗೊತ್ತಿತ್ತಾ?"

"ಗೊತ್ತಿತ್ತ್. ಅಲ್ಲೇ ಹೇಳ್ತೆ. ಇಲ್ಲಿ ಹೇಳಿ ಸುಮ್ನೆ ಎಂತಕೆ?" ಎಂದು ಒಳಗೆ ಹೋದವರು ಅಂಗಿ ಬದಲಿಸಿ, ಕೂದಲು ಬಾಚಿ, ಹೊಸ ಅಳಿಯನ ಹಾಗೆ ಹೊರಬಂದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಏನೋ ಬಾಯಿಪಾಠ ಮಾಡುತ್ತಿದ್ದರು. ಶೇಖರನಿಗೆ ಎದೆ ಹಗುರವಾಯಿತು. ಸಾಕ್ಷಿ ಎಂದರೆ ಹೀಗಿರಬೇಕು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಸ್ಕೂಟರ್ ಮೈದಾನಕ್ಕೆ ನುಗ್ಗಿತು. ಊರೆಲ್ಲ ಅಲ್ಲಿತ್ತು. ನಾಗಕ್ಕ ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ಪದ್ದುವನ್ನು ಕಂಡ ಹಿರಿಯರು, "ತೆಂಗಿನ್ಕಾಯಿ ಬಂತ್" ಎಂದು ಪಿಸುಗುಟ್ಟಿದರು. ಪದ್ದಣ್ಣ ಯಾರನ್ನೂ ನೋಡದೆ ವೇದಿಕೆ ಹತ್ತಿ ಅನೂಪನ ಕೈಯಿಂದ ಮೈಕು ತೆಗೆದುಕೊಂಡರು.

"ಈ ಶೇಖರ ಬರ್ದದ್ದ್ ನಿಜ. ಅವತ್ತ್ ಫುಟ್ಬಾಲೇ. ಇಂವ ಇಲ್ಲಿ ಇದ್ದಿದ್ದ. ಹೆಗ್ಲ್ ಮೇಲೂ ಕೂಕಂಡಿದ್ದ. ಹೌದಾ ಅಲ್ದಾ, ನೀನೇ ಹೇಳ್ ಮಗಾ."

"ಹೌದ್! ನೂರಕ್ಕ್ ನೂರ್!" ಎಂದು ಶೇಖರ ಮೈಕಿಗೆ ಬಾಗಿ ಕೂಗಿದ. ಚಪ್ಪಾಳೆ ಬಿತ್ತು. ನಾಗಕ್ಕನ ಕಡೆಗೆ ಅವನು ಒಂದು ನೋಟ ಎಸೆದ.

"ಆ ಹೆಗ್ಲ್ ನಂದ್" ಎಂದರು ಪದ್ದಣ್ಣ.

ಶೇಖರನಿಗೆ ಅರ್ಥವಾಗಲಿಲ್ಲ.

"ಮ್ಯಾಚ್ ಮುಗುಕೆ ಮೂರ್ ನಿಮಿಷ. ಗೋಲಿಲ್ಲೆ. ಬಾಲ್ ಆಚೆ ಬದಿ ಇದ್ದಿತ್, ಎಲ್ರೂ ಆಚೆ ಕಾಂತಿದ್ರ್. ಆಗ ಒಂದ್ ಕೆಂಪ್ ಚಡ್ಡಿ ಮಾಣಿ, 'ಅಪ್ಪಯ್ಯಾ' ಅಂತ ಕೂಗ್ಕಂಡ್ ಓಡಿ ಬಂದ್ ನನ್ ಕಾಲ್ ಹಿಡ್ಕಂಡ. ಬೆನ್ನ್ ಕಂಡ್ ಅಪ್ಪ ಅಂದ್ಕಂಡನೋ ಏನೋ. ಬಿಡ್ಸಿದ್ರೆ ಬಿಡ್ತಿಲ್ಲ. ನಾ ನಿನ್ ಅಪ್ಪ ಅಲ್ಲ ಅಂಬುಕೆ ನಂಗ್ ಮನ್ಸ್ ಬರ್ಲಿಲ್ಲೆ. ಎತ್ತಿ ಹೆಗ್ಲ್ ಮೇಲ್ ಕೂರ್ಸ್ಕಂಡ್ ಗೆರೆ ಹತ್ರ ಬಿಡುಕೆ ಹೋದೆ. ಇಂವ ಎರ್ಡೂ ಕೈಯಂಗೆ ನನ್ ಕಣ್ಣ್ ಮುಚ್ಚಿ ಹಿಡ್ದ! ಅಷ್ಟೊತ್ತಿಗೆ ಎಲ್ಲಾ ಒಟ್ಟಿಗ್ ಕೂಗಿದ್ರ್. ಗೋಲ್! ಮಾಣಿ ಹೆದ್ರಿ ಇಳ್ದ್ ಜನದ್ ಮಧ್ಯ ಓಡ್ದ. ಮಾಣಿ ಕತೆ ಹೇಳಿದ್ರೆ ಒಬ್ರೂ ನಂಬ್ಲಿಲ್ಲೆ. ಎಲ್ಲಿತ್ತ್ ಮಾಣಿ ಅಂದ್ರಿ. ಮೂವತ್ತೈದ್ ವರ್ಷ ನನ್ನ ಕಳ್ಳ ಅಂದ್ರಿ. ಇಗಾ, ಮಾಣಿ! ಅವ್ನೇ ಒಪ್ಕಂಡ್ನಲೆ, ನೂರಕ್ಕ್ ನೂರ್!"

ಹಿರಿಯರು ಒಬ್ಬೊಬ್ಬರಾಗಿ ಎದ್ದರು. ಕಿಟ್ಟಣ್ಣ ಓಡಿ ಬಂದು ಪದ್ದಣ್ಣನನ್ನು ತಬ್ಬಿಕೊಂಡ. ಅನೂಪನ ಹತ್ತಿರ ಇದ್ದದ್ದು ಒಂದೇ ಶಾಲು. ಅವನು ಶೇಖರನನ್ನೊಮ್ಮೆ, ಜನರನ್ನೊಮ್ಮೆ ನೋಡಿ ಅದನ್ನು ಪದ್ದಣ್ಣನಿಗೆ ಹೊದೆಸಿದ. ಮೊದಲ ಒದೆತವನ್ನೂ ಪದ್ದಣ್ಣನೇ ಒದ್ದರು.

ಶೇಖರ ಮೆಲ್ಲನೆ ವೇದಿಕೆಯಿಂದ ಇಳಿದ. ಗಂಗೊಳ್ಳಿಯವರ ಕಡೆ ಖಾಲಿ ಕುರ್ಚಿ ಕಂಡು ಹೋದರೆ ಗುಡ್ಡ ಅದರ ಮೇಲೆ ಕಾಲು ಚಾಚಿದ. ಉಮಾವತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಳು. ನಗುವೋ ನಾಚಿಕೆಯೋ ತಿಳಿಯಲಿಲ್ಲ.

ಆಗ ಬಿಜೂರು ತಂಡದ ಕ್ಯಾಪ್ಟನ್ ಅಜಿತ್ ಅವನ ಕೈ ಹಿಡಿದುಕೊಂಡ. "ಬನ್ನಿ ಶೇಖರಣ್ಣ, ನಮ್ ಬದಿಗೆ ಬನ್ನಿ. ಆ ಗೋಲ್ ಹೊಡ್ದವ್ರ್ ಯಾರ್ ಅಂತ ನಮ್ಮೂರಂಗೆ ಇನ್ನೂ ಜಗ್ಳ ಇತ್ತ್. ಈಗ ಮುಗೀತ್. ಆ ಕಪ್ ನೀವೇ ಗೆದ್ದ್ ಕೊಟ್ಟದ್ದ್."

ಬೇಡ ಬೇಡ ಅನ್ನುತ್ತಿದ್ದಂತೆಯೇ ಬಿಜೂರಿನ ಹಳದಿ ಜೆರ್ಸಿಯನ್ನು ಅವನ ತಲೆಯ ಮೇಲಿಂದ ಇಳಿಸಿ, ಕೊರಳಿಗೆ ಹಾರ ಹಾಕಿ, ತಮ್ಮವರ ನಟ್ಟನಡುವೆ ಕೂರಿಸಿದರು. ಫೋಟೋ ತೆಗೆದು ಗಂಗೊಳ್ಳಿಯ ಗುಂಪಿಗೂ ಕಳಿಸಿದರು. ಶೇಖರನಿಗೆ ತಾನು ಯಾವ ಊರಿನವನು ಎಂದು ಎದ್ದು ನಿಂತು ಹೇಳಬೇಕೆನಿಸಿತು. ಆದರೆ ಯಾರಿಗೆ ಹೇಳುವುದು? ಆಚೆ ಬದಿಯಲ್ಲಿ ಪದ್ದಣ್ಣ ಶಾಲು ಹೊದ್ದು, ನಾಗಕ್ಕ ಕೊಟ್ಟ ಸೋಡಾ ಕುಡಿಯುತ್ತ ಅವನ ಕಡೆ ಪ್ರೀತಿಯಿಂದ ಕೈ ಬೀಸುತ್ತಿದ್ದರು. ಆ ಕೈ ನೋಡಿ ಅವನಿಗೆ ಸಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೂ ತಿಳಿಯಲಿಲ್ಲ.

ಆಟ ಶುರುವಾಯಿತು. ಹತ್ತು ನಿಮಿಷಕ್ಕೆ ಅವನು ಎಲ್ಲವನ್ನೂ ಮರೆತ. ಇಪ್ಪತ್ತನೇ ನಿಮಿಷದಲ್ಲಿ ಗಂಗೊಳ್ಳಿಯ ಹುಡುಗನೊಬ್ಬ ಎಡಗಡೆಯಿಂದ ನುಗ್ಗಿ, ಇಬ್ಬರನ್ನು ದಾಟಿ, ಚೆಂಡನ್ನು ಬಲೆಯ ಮೂಲೆಗೆ ಬಾರಿಸಿದ. ಶೇಖರ ಕುರ್ಚಿ ಬೀಳುವಂತೆ ಎದ್ದು, ಹಳದಿ ಜೆರ್ಸಿಯ ಎರಡೂ ತೋಳು ಮೇಲಕ್ಕೆತ್ತಿ, ಗಂಟಲು ಹರಿಯುವ ಹಾಗೆ ಕೂಗಿದ: "ಗೋ...ಲ್!"

ಎರಡೂ ಊರಿನವರು ಒಟ್ಟಿಗೇ ತಿರುಗಿ ಅವನನ್ನು ನೋಡಿದರು.