ಕಂಪನಿ ಹೇಳಿದ ಎಣ್ಣೆ

ನಮ್ಮ ಕಾಕುವಿನ ಮನೆಯಲ್ಲಿ ಅಳಿಯನಿಗಿಂತ ಹೆಚ್ಚಿನ ಮರ್ಯಾದೆ ಟಂಟಂ ಗಾಡಿಗೆ! ಅಳಿಯನ ಪಲ್ಯಕ್ಕೆ ಮನೆಯಲ್ಲಿದ್ದ ಯಾವ ಎಣ್ಣೆಯಾದರೂ ನಡೆಯುತ್ತದೆ. ಟಂಟಂಗೆ ಮಾತ್ರ ಕಂಪನಿಯವರು ಹೇಳಿದ ಎಣ್ಣೆಯೇ ಆಗಬೇಕು, ಅದೂ ಡಬ್ಬಿಯ ಸೀಲು ಅವಳ ಕಣ್ಣೆದುರೇ ಒಡೆಯಬೇಕು.

ಕಾಕು ಅಂದರೆ ನನ್ನ ಚಿಕ್ಕಮ್ಮ. ಕಾಕಾ ತೀರಿಕೊಂಡ ಮೇಲೆ ರಾವೂರಿನಲ್ಲಿ ಜೋಳದ ಕಡಕ್ ರೊಟ್ಟಿ ಬಡಿದು, ವಾಡಿ, ಶಹಾಬಾದಿನ ಖಾನಾವಳಿಗಳಿಗೆ ತಾನೇ ಈ ಮೂರು ಗಾಲಿಯ ಗಾಡಿ ಓಡಿಸಿಕೊಂಡು ಹೋಗಿ ಕೊಡುತ್ತಾಳೆ. ಗಾಡಿ ನಿಂತರೆ ಒಲೆಯೂ ಆರುತ್ತದೆ. ಎಂಜಿನ್ ಕೆಟ್ಟರೆ ಹೊಸದು ಹಾಕಿಸುವ ತಾಕತ್ತು ಅವಳಿಗಿಲ್ಲ. ಇರುವ ಆಸರೆಯೆಂದರೆ ವಾರಂಟಿ; ಬೇರೆ ಎಣ್ಣೆ ಹಾಕಿದರೆ ಅದೂ ರದ್ದು.

"ನನ್ನ ವಾರಂಟಿ ಇನ್ನಾ ಅದ" ಎಂದು ಅವಳು ಓಣಿಯಲ್ಲಿ ಜಂಬದಿಂದ ಹೇಳಿದ್ದೇ ಫಜೀತಿಯಾಯಿತು. ಎದುರುಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸುತ್ತ ಬಂದಳು.

"ರೊಟ್ಟಿ ಮಾರೋರ ಮ್ಯಾಲೂ ವಾರಂಟ್ ಹೊರಡಸ್ತಾರೇನವ್ವಾ? ಪೊಲೀಸರು ಯಾವಾಗ ಬರ್ತಾರ?"

"ಅದು ಹೋದ್ರ ನನ್ನ ಗತಿ ಏನು ಆಯಿ? ಅದು ಇರ್ಲಿ ಅಂತ ದೇವರಿಗಿ ಕೈ ಮುಗಿ!"

ಅಜ್ಜಿಗೆ ಅಂದಿನಿಂದ ಕಾಕುವಿನ ತಲೆಯ ಬಗ್ಗೆಯೇ ಸಂಶಯ.

ಚಿತ್ತಾಪುರ ರಸ್ತೆಯ ಮೆಕ್ಯಾನಿಕ್ ಒಮ್ಮೆ ಬ್ಯಾರಲ್ಲಿನಿಂದ ಎಣ್ಣೆ ಬಗ್ಗಿಸಲು ಹೊರಟ.

"ಏನು ಸುರೀಲಿಕತ್ತೀಯಪ್ಪಾ?"

"ಎಣ್ಣಿ ಎಲ್ಲಾ ಒಂದೇ ಅದರೀ ಅಕ್ಕಾ. ಸುಮ್ಮ ಕುಂದ್ರಿ."

"ಒಂದೇ ಇದ್ರ ಇದನ್ನ ಮನಿಗಿ ಒಯ್ದು ಬ್ಯಾಳಿಗಿ ಒಗ್ಗರಣಿ ಕೊಡು. ನೀ ಉಂಡ ಮ್ಯಾಲ ನನ್ನ ಗಾಡಿಗಿ ಹಾಕು!"

ಪಾಪ, ಅವನು ಬ್ಯಾರಲ್ ಮುಚ್ಚಿದ.

ಇಷ್ಟಾದರೂ ಮೊನ್ನೆ ಬೇಸಿಗೆಯಲ್ಲಿ ಕಾಳಗಿ ರಸ್ತೆಯಲ್ಲಿ ಎಂಜಿನ್ ಬಿಗಿದು ನಿಂತೇಬಿಟ್ಟಿತು! ನಾನೂ ಜೊತೆಗೆ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಮ್ಯಾನೇಜರು ಗಾಡಿ ನೋಡುವ ಮೊದಲೇ ರಾಗ ಎಳೆದ.

"ಸಿಕ್ಕ ಎಣ್ಣಿ ಹಾಕೀರಿ ಬಿಡ್ರಿ. ವಾರಂಟಿ ಸಿಗಂಗಿಲ್ಲ."

ಕಾಕು ತಂದಿದ್ದ ಚೀಲವನ್ನು ಅವನ ಮೇಜಿನ ಮೇಲೆ ಬೋರಲು ಹಾಕಿದಳು. ಎಣ್ಣೆಯ ಖಾಲಿ ಡಬ್ಬಿಗಳು ದಡದಡ ಉರುಳಿದವು. ಒಂದೊಂದಕ್ಕೂ ಅದರದರ ಬಿಲ್ಲನ್ನು ದಾರದಿಂದ ಕಟ್ಟಿದ್ದಳು.

"ಎಂಜಿನ್ ಬಿಚ್ಚಿ ನೋಡ್ರಿ. ಅಲ್ಲೀತನಾ ನಾ ಇಲ್ಲಿಂದ ಏಳಂಗಿಲ್ಲ."

ಏಳಲೂ ಇಲ್ಲ. ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ, ಮ್ಯಾನೇಜರನಿಗೂ ಬೈಯುತ್ತಲೇ ರೊಟ್ಟಿ ಬಡಿಸಿದಳು! ಸಂಜೆಗೆ ತಪ್ಪು ಎಣ್ಣೆಯದಲ್ಲ, ಆಯಿಲ್ ಪಂಪಿನದು ಎಂದು ಒಪ್ಪಿದರು. ಹೊಸ ಎಂಜಿನ್ ಪುಕ್ಕಟೆ ಸಿಕ್ಕಿತು.

ಅದನ್ನು ಕೂರಿಸಿದ ದಿನ ಮೊದಲ ಎಣ್ಣೆಯನ್ನು ಕಾಕು ತಾನೇ ಸುರಿದಳು. ಗೆದ್ದ ಖುಷಿಗೆ ಏನಾದರೂ ಜೋರು ಮಾತಾಡುತ್ತಾಳೆಂದು ನಾನು ಕಾದೆ. ಅವಳ ದನಿ ಸಣ್ಣಗಾಗಿತ್ತು.

"ನಿಮ್ಮ ಕಾಕಾಗೂ ದಿನಾ ಬಡ್ಕೋತಿದ್ದೆ, ಸಿಕ್ಕ ಸಿಕ್ಕ ಎಣ್ಣಿ ಕುಡೀಬ್ಯಾಡ್ರಿ ಅಂತ."

ಕಾಕಾನನ್ನು ಕಳ್ಳಭಟ್ಟಿ ಸಾರಾಯಿ ಒಯ್ದಿತ್ತು. ಕಾಕು ಟಂಟಂನ ಮೈಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

"ಅವರು ಕೇಳಲಿಲ್ಲ. ಇದು ನನ್ನ ಮಾತು ಕೇಳ್ತದ."