ಭಂಡಾರ ಬಿದ್ದ ಬಿಳಿ ಗಾಡಿ

ಸಿದರಾಯನ ನೆಮ್ಮದಿ ಕೆಡಿಸಿದ್ದು ಒಂದು ಏರು. ಖಾನಾಪುರ ದಾಟಿ, ಮಲಪ್ರಭೆಯನ್ನೂ ದಾಟಿ, ಡಾಂಬರು ಮುಗಿದ ಮೇಲೆ ಸಿಗುವ ಊರಿನಲ್ಲಿ ಅವನ ಮಾವ ಸಿದ್ದಪ್ಪನ ಮನೆ. ಮನೆ ಇದ್ದದ್ದು ದಿನ್ನೆಯ ತುದಿಯಲ್ಲಿ. ಅಲ್ಲಿಗೆ ಹೋಗಲು ಇದ್ದದ್ದು ಕೆಂಪು ಮಣ್ಣಿನ ಒಂದೇ ದಾರಿ. ಹೋದ ವರ್ಷ ಶ್ರಾವಣದಲ್ಲಿ ಸಿದರಾಯನ ಹಳೆಯ ಸಣ್ಣ ಕಾರು ಆ ಏರಿನ ನಟ್ಟನಡುವೆ ಕೆಸರಿನಲ್ಲಿ ಹೂತುಕೊಂಡಿತು. ಆಗ ಅವನ ಷಡ್ಡಕ ಗಜಾನನ, ಅಂದರೆ ಹೆಂಡತಿಯ ತಂಗಿಯ ಗಂಡ, ಟ್ರ್ಯಾಕ್ಟರ್ ತಂದು, ಹಗ್ಗ ಬಿಗಿದು, ಸಿದರಾಯನನ್ನು ಒಳಗೆ ಕೂರಿಸಿಕೊಂಡೇ ಕಾರನ್ನು ಎಳೆದು ಅಂಗಳಕ್ಕೆ ತಂದು ನಿಲ್ಲಿಸಿದ. ಊರೆಲ್ಲ ನಿಂತು ನೋಡಿತು. ನೋಡದೆ ಉಳಿದವರಿಗೆ ತೊಂದರೆಯಾಗದಿರಲೆಂದು ಗಜಾನನ ಅದರ ವಿಡಿಯೊವನ್ನು ತನ್ನ ಸ್ಟೇಟಸ್ಸಿಗೂ ಹಾಕಿಕೊಂಡ.

ಅಲ್ಲಿಂದ ಮುಂದೆ ಸಿದರಾಯ ಫೋನ್ ಮಾಡಿ ಬರುತ್ತೇವೆಂದಾಗಲೆಲ್ಲ ಮಾವನದು ಒಂದೇ ಉತ್ತರ: "ಬರ್ರಿ ಅಳಿಯಾರ, ಬರ್ರಿ. ಗಜಾನನಗ ಹಗ್ಗ ತರಾಕ ಹೇಳ್ಲೇನು?"

ಬೆಳಗಾವಿಯ ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಎನಿಸಿಕೊಂಡು, ಇಡೀ ದಿನ ಬೇರೆಯವರನ್ನು ಗದರಿಸಿ ಸಂಬಳ ಪಡೆಯುವ ಮನುಷ್ಯನಿಗೆ ಇದು ಸಹಿಸುವ ಮಾತೇ? ನಾಲ್ಕೂ ಗಾಲಿ ಎಳೆಯುವ ಆಲ್ ವೀಲ್ ಡ್ರೈವ್ ಗಾಡಿ ತಗೊಂಡು, ಆ ಏರನ್ನು ಒಂದೇ ಉಸಿರಿಗೆ ಹತ್ತಿ, ಮಾವನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿಯೇ ತೀರಬೇಕೆಂದು ಅವನು ಪಣ ತೊಟ್ಟ.

ಪಣ ತೊಡುವುದು ಬೇರೆ, ಗಾಡಿ ಕೊಳ್ಳುವುದು ಬೇರೆ. ಸಿದರಾಯ ಒಂದು ಮಿಕ್ಸರ್ ಕೊಳ್ಳಲು ಎರಡು ದಸರೆ ಕಳೆದವನು. ಗಾಡಿಯ ವಿಷಯ ಕೇಳಬೇಕೇ? ಎಂಟು ತಿಂಗಳು ಹಗಲೂ ರಾತ್ರಿ ಮೊಬೈಲಿನಲ್ಲಿ ವಿಡಿಯೊ ನೋಡಿದ. ಯಾವ ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಎತ್ತರ, ಯಾವುದು ಲೀಟರಿಗೆ ಎಷ್ಟು ಓಡುತ್ತದೆ ಎಂಬುದೆಲ್ಲ ಬಾಯಿಪಾಠವಾಯಿತು. ಇನ್ನೇನು ಒಂದನ್ನು ಒಪ್ಪಿಕೊಂಡ ಎನ್ನುವಷ್ಟರಲ್ಲಿ ಕಂಪನಿಯವರು ಅದೇ ಗಾಡಿಯನ್ನು ಹೊಸ ರೂಪದಲ್ಲಿ ಬಿಟ್ಟರು. ಕಣ್ಣು ಕಿರಿದು ಮಾಡಿದಂಥ ದೀಪಗಳು, ಎದುರಿಗೆ ಟೀವಿಯಷ್ಟು ದೊಡ್ಡ ಪರದೆ, ಮಾಡಿನಲ್ಲಿ ತೆರೆದುಕೊಳ್ಳುವ ಗಾಜು, ಒಳಗೆ ಹಾಲಿನ ಕೆನೆ ಬಣ್ಣದ ಸೀಟು. ಸಿದರಾಯನ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು.

"ಎಂಟ ತಿಂಗಳಾತು, ಮೊಬೈಲಿನ್ಯಾಗ ಗಾಡಿ ಓಡಸಾಕತ್ತೀರಿ," ಎಂದಳು ಹೆಂಡತಿ ಮಾಲಾ. "ಒಮ್ಮೆ ರಸ್ತೆ ಮ್ಯಾಲೂ ಓಡಿಸಿ ನೋಡ್ರಿ."

ಹಾಗಾಗಿ ಒಂದು ಐತವಾರ ಬೆಳಿಗ್ಗೆ ನೆಹರು ನಗರದ ಅವರ ಮನೆಯ ಮುಂದೆ ಬಿಳಿ ಗಾಡಿಯೊಂದು ಬಂದು ನಿಂತಿತು. ಎರಡೂ ಬಾಜುವಿನಲ್ಲಿ ಟೆಸ್ಟ್ ಡ್ರೈವ್ ಎಂದು ದೊಡ್ಡ ಅಕ್ಷರದ ಸ್ಟಿಕರ್ ಇತ್ತು. ತಂದವನು ಶೋರೂಮಿನ ಮಯೂರ, ಟೈ ಕಟ್ಟಿದ ಹುರುಪಿನ ಸೇಲ್ಸ್‌ಮನ್. ತಿಂಗಳ ಕೊನೆ, ಟಾರ್ಗೆಟ್ಟು ಬಾಕಿ. ಹೀಗಾಗಿ ಗಿರಾಕಿ ಎಲ್ಲಿಗೆ ಕರೆದರೂ ಬರಲು ತಯಾರಾಗಿದ್ದ.

"ಹೈವೇ ಮ್ಯಾಲ ಕಾಕತಿ ತನಕ ಒಂದು ರೌಂಡ್ ಹೊಡಿಯೂಣ್ರಿ ಸರ್."

"ಹೈವೇ ಮ್ಯಾಲ ಎತ್ತಿನ ಚಕ್ಕಡೀನೂ ಓಡತೈತಿ," ಎಂದ ಸಿದರಾಯ. "ಖಾನಾಪುರದ ಆಚಿ ಒಂದು ಏರ ಐತಿ. ಅದನ್ನ ಹತ್ತಿದರ ಮುಂದಿನ ಮಾತು."

ಅಷ್ಟರಲ್ಲಿ ಬಾಜು ಮನೆಯ ಬಾಳಕೃಷ್ಣ ಗೇಟು ತೆರೆದುಕೊಂಡು ಬಂದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಇವರಿಗೆ ಗೊತ್ತಿಲ್ಲದ ವಿಷಯ ಬೆಳಗಾವಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವರು ಯಾರನ್ನೂ ಕೇಳದೆ ಗಾಡಿಯ ನಾಲ್ಕೂ ಬಾಗಿಲನ್ನು ತೆರೆದು ತೆರೆದು ಹಾಕಿ, ಪ್ರತಿ ಸಲವೂ ಕಿವಿಗೊಟ್ಟು ಕೇಳಿದರು.

"ಅರೇ ಸಿದರಾಯರ, ಗಾಡಿ ನೋಡೂದು ಅಂದ್ರ ಬಾಗಿಲದ ಸಪ್ಪಳ ಕೇಳಬೇಕು. ಈ ಎಡಗಡಿ ಬಾಗಿಲದ್ದು ಯಾಕೋ ಸಂಶಯ ಅದ. ನಡೀರಿ, ನಾನೂ ಬರ್ತೇನಿ. ನೀವೊಬ್ಬರೇ ಹೋದ್ರ ಈ ಹುಡುಗ ನಿಮಗ ಟೋಪಿ ಹಾಕ್ತಾನ."

ಮಯೂರ ಹಲ್ಲು ಕಿರಿದ. ಬಾಳಕೃಷ್ಣ ಹಿಂದಿನ ಸೀಟಿನ ನಡುವೆ ಕೂತು, ದಾರಿಯುದ್ದಕ್ಕೂ ಎಲ್ಲ ಗುಂಡಿಗಳನ್ನೂ ಒತ್ತಿಸಿ ನೋಡಿದರು. ದೇಸೂರು ದಾಟುವ ಹೊತ್ತಿಗೆ ಮಾಡಿನ ಗಾಜು ತೆರೆಸಿದ್ದರು. ಖಾನಾಪುರದ ಸಂತೆ ಬೀದಿಯಲ್ಲಿ ಸೀಟಿನ ಮೇಲೆ ನಿಂತು, ಮಾಡಿನಿಂದ ಎದೆಮಟ ಹೊರಬಂದು, ಗುರುತಿಲ್ಲದವರಿಗೂ ಕೈ ಬೀಸಿದರು. ತವರಿಗೆಂದು ಜೊತೆಗೆ ಹೊರಟಿದ್ದ ಮಾಲಾ ನಾಚಿಕೆಯಿಂದ ಸೆರಗು ಮುಖಕ್ಕೆ ಎಳೆದುಕೊಂಡಳು.

ಏರು ಬಂತು. ಹಿಂದಿನ ರಾತ್ರಿಯ ಮಳೆಗೆ ಕೆಂಪು ಮಣ್ಣು ಕಲಸಿಟ್ಟ ಹಿಟ್ಟಿನಂತೆ ಮಲಗಿತ್ತು. ಮಯೂರ ಒಂದು ಗುಂಡಿ ತಿರುಗಿಸಿ, "ಈಗ ನಾಲ್ಕೂ ಗಾಲಿಗೆ ತಾಕತ್ತು ಹೋಗತೈತ್ರಿ ಸರ್. ಹೆದರಬ್ಯಾಡ್ರಿ, ಒಂದ ಸಮ ಒತ್ತರಿ," ಎಂದ. ಸಿದರಾಯ ಮನೆದೇವರನ್ನು ನೆನೆದು ಒತ್ತಿದ. ಗಾಡಿ ಒಮ್ಮೆ ಹೊಯ್ದಾಡಿತು, ಎರಡೂ ಬಾಜುವಿಗೆ ಕೆಸರು ಚಿಮ್ಮಿತು, ಮಾಡಿನಲ್ಲಿದ್ದ ಬಾಳಕೃಷ್ಣ "ಬಲಕ್ಕ! ಬಲಕ್ಕ!" ಎಂದು ಕೂಗಿದರು. ಮರುಕ್ಷಣದಲ್ಲಿ ಗಾಡಿ ಮಾವನ ಮನೆಯ ಅಂಗಳದಲ್ಲಿ ನಿಂತಿತ್ತು. ಸಿದರಾಯನಿಗೆ ತನ್ನ ಮದುವೆಯ ದಿನವೂ ಇಷ್ಟು ಸಂತೋಷ ಆಗಿರಲಿಲ್ಲ.

ಸ್ಟಿಕರಿನ ಅಕ್ಷರಗಳೆಲ್ಲ ಕೆಸರಿನಡಿ ಮುಚ್ಚಿಹೋದದ್ದನ್ನು ಯಾರೂ ಗಮನಿಸಲಿಲ್ಲ.

ಅತ್ತೆ ಫಕೀರವ್ವ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಓಡಿಬಂದಳು. "ಯವ್ವಾ! ಅಳಿಯಾರು ಹೊಸಾ ಗಾಡಿ ತಂದಾರ!"

"ಅಲ್ರೀ ಅತ್ತಿ, ಇದು ಇನ್ನೂ..." ಎಂದ ಸಿದರಾಯ.

"ನಿಂದರ್ರಿ, ನಿಂದರ್ರಿ! ಯಾರೂ ಇಳೀಬ್ಯಾಡ್ರಿ!" ಎಂದು ಕೂಗಿ ಫಕೀರವ್ವ ಒಳಗೆ ಮಾಯವಾದಳು. ಬೀರದೇವರ ಭಂಡಾರ, ಅಂದರೆ ಪೂಜೆಯ ಅರಿಸಿನಪುಡಿ, ಬೀಳದೆ ಹೊಸದೇನೂ ಆ ಮನೆಯಲ್ಲಿ ಬಳಕೆಗೆ ಬರುವಂತಿರಲಿಲ್ಲ. ಎಮ್ಮೆಯಿರಲಿ, ಸೊಸೆಯಿರಲಿ, ಮೊಬೈಲಿರಲಿ, ಎಲ್ಲಕ್ಕೂ ಅರಿಸಿನ ಬಿದ್ದೇ ಬೀಳುತ್ತಿತ್ತು. ಆಕೆ ಹೊರಬಂದಾಗ ಕಂಕುಳಲ್ಲಿ ಬುಟ್ಟಿ ಭಂಡಾರವಿತ್ತು. ಬಾಜು ಮನೆಯವರು ತೆಂಗಿನಕಾಯಿ ತಂದರು, ಯಾರೋ ಚೆಂಡುಹೂವಿನ ಮಾಲೆ ತಂದರು. "ಬೀರದೇವರ ಹೆಸರಿಲೆ ಚಾಂಗಭಲೋ!" ಎಂಬ ಕೂಗಿನೊಂದಿಗೆ ಬೊಗಸೆ ಬೊಗಸೆ ಅರಿಸಿನ ಆಕಾಶಕ್ಕೆ ಹಾರಿತು.

ಆಕಾಶಕ್ಕೆ ಹಾರಿದ್ದು ಕೆಳಗೆ ಬರಲೇಬೇಕಲ್ಲ. ಮಾಡಿನ ಗಾಜು ತೆರೆದೇ ಇತ್ತು. ಪೂಜೆ ನೋಡಲು ಎದ್ದು ನಿಂತಿದ್ದ ಬಾಳಕೃಷ್ಣರ ಬೋಳುತಲೆ, ಮೀಸೆ, ಕನ್ನಡಕ ಎಲ್ಲ ಹಳದಿಯಾದವು. ಊರ ಹೆಂಗಸೊಬ್ಬಳು ಅವರಿಗೇ ಕೈ ಮುಗಿದಳು. ಅವರ ಅಕ್ಕಪಕ್ಕದಿಂದ ಇಳಿದ ಭಂಡಾರ ಕೆನೆ ಬಣ್ಣದ ಸೀಟುಗಳ ಮೇಲೆ ಸಮನಾಗಿ ಹರಡಿಕೊಂಡಿತು.

"ಸರ್!" ಎಂದು ಮಯೂರ ಸಿದರಾಯನ ಕಿವಿಯಲ್ಲಿ ಅತ್ತ. "ಸರ್, ಇದು ಡೆಮೊ ಗಾಡಿ!"

ಗಾಬರಿಯಾದ ಮಾಲಾ ನೀರಿನಲ್ಲಿ ಸೆರಗು ಅದ್ದಿ ಒರೆಸಿದಳು. ಒಣ ಅರಿಸಿನಕ್ಕೆ ನೀರು ಸೇರಿದ ಮೇಲೆ ಹೇಳುವುದೇನಿದೆ? ಒಂದು ಮೂಲೆಯಲ್ಲಾದರೂ ಬೆಳ್ಳಗೆ ಉಳಿದಿದ್ದ ಸೀಟು ಮದುಮಗನ ಮೈಯಂತೆ ಪೂರಾ ಹಳದಿಯಾಯಿತು.

ಇನ್ನು ಖರೇ ಹೇಳಿಬಿಡಲೇಬೇಕೆಂದು ಸಿದರಾಯ ಮಾವನ ಕಡೆ ಹೊರಟ. ಅಷ್ಟರಲ್ಲಿ ಮಾವನೇ ಬಂದು ಅವನನ್ನು ಅಪ್ಪಿಕೊಂಡ. ಕುರಿ ಕಾದು ಗಟ್ಟಿಯಾದ ಆ ಮುದುಕನ ಕಣ್ಣುಗಳು ಒದ್ದೆಯಾಗಿದ್ದವು.

"ಅಳಿಯಾರ, ಸ್ವಂತ ಊರಿಗೂ ಒಯ್ಯದ ಮೊದಲ ನಮ್ಮ ಬಾಗಲಕ್ಕ ತಂದ್ರಿ. ಮ್ಯಾಲ ಟೈ ಕಟ್ಟಿದ ಡ್ರೈವರನ್ನೂ ಇಟ್ಟೀರಿ. ನನ್ನ ಮಗಳು ಪುಣ್ಯಾ ಮಾಡ್ಯಾಳ." ಆಮೇಲೆ ತಿರುಗಿ, ಆಗಷ್ಟೇ ಮೋಟಾರ್ ಸೈಕಲ್ಲಿನಿಂದ ಇಳಿಯುತ್ತಿದ್ದ ಗಜಾನನನಿಗೆ ಊರೆಲ್ಲ ಕೇಳುವಂತೆ ಹೇಳಿದ: "ಗಜಾನನಾ, ಇನ್ನ ಆ ನಿನ್ನ ಹಗ್ಗ ದನಾ ಕಟ್ಟಾಕ ಇಟ್ಕೋಪಾ."

ಗಜಾನನನ ಮುಖ ಸುಟ್ಟ ಬದನೆಕಾಯಿಯಾಯಿತು. ಸಿದರಾಯ ಒಂದು ವರ್ಷ ಕನಸಿನಲ್ಲಿ ಕಂಡ ಮುಖ ಅದು. ಇನ್ನು ಯಾವ ಮನುಷ್ಯನಿಗೆ ತಾನೆ ಖರೇ ಹೇಳಲು ಬಾಯಿ ಬಂದೀತು? ಅವನು ಮೆಲ್ಲಗೆ ಕೆಮ್ಮಿ, "ಹೌದ್ರಿ ಮಾವಾರ, ಏನೋ ಒಂದು ತಗೊಂಡ್ವಿ," ಎಂದುಬಿಟ್ಟ. ಮಾಲಾ ಅವನನ್ನೊಮ್ಮೆ ನೋಡಿದಳು.

ಗಜಾನನ ಗಾಡಿಯನ್ನು ಮೂರು ಸುತ್ತು ಹಾಕಿದ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಒಂದಿಷ್ಟು ಕೆಸರು ಕೆರೆದು ನೋಡಿ, ಎದ್ದು ನಕ್ಕ.

"ಬಣ್ಣಾ ಭಾಳ ಚಲೋ ಐತ್ರಿ ಅಣ್ಣಾರ. ನೀವು ಊಟಾ ಮಾಡ್ರಿ. ಪಾಪ, ನಿಮ್ಮ ಡ್ರೈವರಗ ನಾ ಚಾ ಕುಡಸ್ತೀನಿ." ಮ್ಯಾನೇಜರಿಗೆ ಫೋನ್ ಮಾಡಲೋ ಬೇಡವೋ ಎಂದು ನಡುಗುತ್ತಿದ್ದ ಮಯೂರನ ಹೆಗಲ ಮೇಲೆ ಕೈ ಹಾಕಿ ಅವನು ಬೇವಿನ ಮರದ ಕಡೆ ಕರೆದುಕೊಂಡು ಹೋದ.

ಊಟವಾಯಿತು. ಹೊರಡುವಾಗ ಸಿದ್ದಪ್ಪ ಹಟ್ಟಿಯಿಂದ ಕೊಬ್ಬಿದ ಟಗರೊಂದನ್ನು ಎಳೆದು ತಂದ. "ಹೊಸಾ ಗಾಡಿ ನಮ್ಮ ಬಾಗಲದಿಂದ ಖಾಲಿ ಹೋಗಬಾರದು," ಎಂದು, ಬೇಡವೆನ್ನಲು ಅವಕಾಶ ಕೊಡದೆ, ನಾಲ್ಕು ಜನರಿಂದ ಅದನ್ನು ಡಿಕ್ಕಿಗೆ ನೂಕಿಸಿದ.

"ಸರ್, ಇನ್ನ ನಾನ ಓಡಸ್ತೀನಿ," ಎಂದ ಮಯೂರ. ಅವನ ದನಿಯಲ್ಲಿ ಸೇಲ್ಸ್‌ಮನ್ ಸತ್ತುಹೋಗಿದ್ದ. ಸಿದರಾಯ ತೆಪ್ಪಗೆ ಬಾಜುವಿನ ಸೀಟಿಗೆ ಸರಿದು, ಊರಿಗೆಲ್ಲ ಕೈ ಬೀಸುತ್ತ ಏರು ಇಳಿದ.

ದಾರಿಯಲ್ಲಿ ಬ್ರೇಕ್ ಬಿದ್ದಾಗಲೆಲ್ಲ ಟಗರು ಸಿಟ್ಟಿಗೆದ್ದು ಹಿಂದಿನ ಸೀಟಿಗೆ ಗುದ್ದುತ್ತಿತ್ತು, ಬಾಳಕೃಷ್ಣ "ಅಯ್ಯಯ್ಯೋ, ನನ್ನ ಸೊಂಟಾ!" ಎನ್ನುತ್ತಿದ್ದರು. ದೇಸೂರಿನ ಹತ್ತಿರ ಮಾಲಾ ಮೆಲ್ಲಗೆ ಬಾಯಿ ಬಿಟ್ಟಳು.

"ಅಪ್ಪ ನಿಮ್ಮನ್ನ ಅಪ್ಪಿಕೊಂಡ ನೋಡ್ರಿ. ನಮ್ಮ ಮದುವಿ ದಿನಾನೂ ಹಂಗ ಅಪ್ಪಿಕೊಂಡಿರಲಿಲ್ಲ." ಅವಳು ಹಳದಿಯಾದ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಇದು ಸುಳ್ಳಂತ ಗೊತ್ತಾದ್ರ ನಾ ಹೆಂಗರೀ ಆ ಮನಿ ಹೊಸ್ತಿಲಾ ತುಳಿಯೂದು?"

ಎಂಟು ತಿಂಗಳ ಮೈಲೇಜು, ಎತ್ತರ, ಅಗಲ ಎಲ್ಲ ಆ ಕ್ಷಣ ಸಿದರಾಯನ ತಲೆಯಿಂದ ಇಳಿದುಹೋಯಿತು. ಹುಟ್ಟಿದಂದಿನಿಂದ ಮೊದಲ ಸಲ ಅವನು ಇನ್ನೊಮ್ಮೆ ಯೋಚಿಸದೆ ಒಂದು ತೀರ್ಮಾನ ಮಾಡಿದ. "ಸುಳ್ಳ ಯಾಕಾಗತೈತಿ? ಇವತ್ತ ಖರೇ ಮಾಡೂಣು."

"ಆ ಎಡಗಡಿ ಬಾಗಿಲಾ..." ಎಂದು ಬಾಳಕೃಷ್ಣ ಶುರುಮಾಡಿದರು.

"ನೀವು ಸುಮ್ನ ಕುಂದರ್ರಿ!" ಎಂದ ಸಿದರಾಯ. ಬಾಳಕೃಷ್ಣ ಮತ್ತು ಟಗರು ಇಬ್ಬರೂ ಸುಮ್ಮನಾದರು.

ಶೋರೂಮಿನ ಬಾಗಿಲಲ್ಲಿ ಮ್ಯಾನೇಜರ್ ಕಾಯುತ್ತಿದ್ದರು. ಸಿದರಾಯ ಅವರ ಬೈಗುಳಕ್ಕೂ ಕಾಯದೆ, ಹಳದಿ ಪ್ಯಾಂಟಿನಲ್ಲೇ ಎದೆ ಸೆಟೆಸಿ ನಿಂತ.

"ನೋಡ್ರಿ ಸಾಹೇಬ್ರ, ಒಂದು ಮಾತೂ ಆಡಬ್ಯಾಡ್ರಿ. ಈ ಗಾಡೀನ ನಾ ತಗೋತೀನಿ. ಇದನ್ನ, ಹಿಂಗ, ಭಂಡಾರದ ಸಮೇತ. ಎಲ್ಲಿ ಸಹಿ ಮಾಡ್ಲಿ ಹೇಳ್ರಿ."

ಮ್ಯಾನೇಜರ್ ಬೈಯಲಿಲ್ಲ; ಪೆಚ್ಚಾಗಿ ನಕ್ಕರು. "ಅದು ಹೋತಲ್ರೀ ಸರ್."

"ಎಲ್ಲಿ ಹೋತು? ಇಲ್ಲೇ ಐತಲ್ಲ!"

"ಮಾರಿ ಹೋತ್ರಿ. ಮಧ್ಯಾಹ್ನ ಮಯೂರ ಫೋನ್ ಮಾಡಿ ಸೀಟೆಲ್ಲಾ ಕೆಟ್ಟಾವಂತ ಅಳಾಕತ್ತಿದ್ದ. ಬಾಜೂಕ ಒಬ್ಬರು ಫೋನ್ ಇಸ್ಕೊಂಡು, ಆ ಗಾಡಿ ಹೆಂಗೈತಿ ಹಂಗ ನನಗ ಇರಲಿ ಅಂದ್ರು. ಅಲ್ಲಿಂದಲೇ ರೊಕ್ಕ ಹಾಕಿ ಪಕ್ಕಾ ಮಾಡಿಬಿಟ್ರು. ಗಜಾನನ ಅಂತ್ರೀ. ಅವರ ಮನ್ಯಾಗ ಪೂಜಿನೂ ಆಗೈತಂತ. ನಿಮಗ ಹೊಸಾದು ಬೇಕಂದ್ರ ಬುಕ್ ಮಾಡ್ರಿ, ದೀಪಾವಳಿ ದಾಟಿ ಬರತೈತಿ."

ಸಿದರಾಯ ಮಯೂರನ ಕಡೆ ನೋಡಿದ. "ನೀವು ಬರೇ ಟೆಸ್ಟ್ ಡ್ರೈವ್ ತಗೊಂಡಿದ್ರಿ ಸರ್," ಎಂದು ಮಯೂರ ಬೂಟು ನೋಡಿಕೊಂಡ. ಅವನ ತಿಂಗಳ ಟಾರ್ಗೆಟ್ಟು ಮುಗಿದಿತ್ತು.

ಟಗರಿನ ಹಗ್ಗ ಕೈಯಲ್ಲಿ ಹಿಡಿದು ಮೂವರೂ ರಸ್ತೆಯ ಬಾಜುವಿಗೆ ಬಂದು ನಿಂತರು. ಟಗರನ್ನು ಕಂಡ ಆಟೋದವರು ನಿಲ್ಲಿಸದೆ ಹೋಗುತ್ತಿದ್ದರು. ಅಷ್ಟರಲ್ಲಿ ಸಿದರಾಯನ ಫೋನ್ ಗುಣುಗುಟ್ಟಿತು. ಮಾವ.

"ಅಳಿಯಾರ, ಗಜಾನನ ಎಲ್ಲಾ ಹೇಳಿದ." ಸಿದ್ದಪ್ಪನ ದನಿ ಜ್ವರ ಬಂದ ಕೂಸನ್ನು ರಮಿಸುವಷ್ಟು ಮೆತ್ತಗಿತ್ತು. "ಏರ ಹತ್ತೂದೇನೋ ಹತ್ತಿದ್ರಿ, ಇಳಿಯೂ ಹೊತ್ತಿಗೆ ಎದಿ ಹಾರಿತಂತ. ನಾವೂ ನೋಡಿದ್ವಿ, ನೀವು ಬಾಜೂಕ ಕುಂತ ಹೋದದ್ದು. ಹೆದರಿಕಿ ಆಗಿ ಗಾಡಿ ತಿರುಗಿ ಕೊಡಾಕ ಹೊಂಟಾರ, ಪೂಜಿ ಆದ ಗಾಡಿ ಮಂದಿ ಪಾಲಾಗಬಾರದು ಅಂತ ನಾನ ಇಟ್ಕೊಂಡೆ ಅಂದ. ಹುಡುಗಗ ನಿಮ್ಮ ಮ್ಯಾಲ ಎಷ್ಟ ಜೀವ ನೋಡ್ರಿ."

ಸಿದರಾಯ ಬಾಯಿ ತೆರೆದ. ಹೆದರಲಿಲ್ಲ ಎನ್ನಬೇಕಾದರೆ ಗಾಡಿ ತನ್ನದಾಗಿರಲೇ ಇಲ್ಲ ಎಂದು ಹೇಳಬೇಕಿತ್ತು. ಬಾಯಿ ಮುಚ್ಚಿದ.

"ನಾಚಬ್ಯಾಡ್ರಿ, ಹೆದರಿಕಿ ಯಾರಿಗಿಲ್ಲ? ಬರೂ ಐತವಾರ ಗಜಾನನ ತಾನ ಬಂದು ನಿಮ್ಮಿಬ್ಬರನ್ನೂ ಕೂಡಿಸ್ಕೊಂಡು ಬರ್ತಾನ. ನೀವು ಹಿಂದಿನ ಸೀಟಿನ್ಯಾಗ ಕುಂದರ್ರಿ. ಏರ ಬಂದಾಗ ಕಣ್ಣ ಮುಚ್ಚಿಕೊಂಡ್ರ ಆತು."

ಫೋನ್ ಕಟ್ಟಾಯಿತು. ಮಾಲಾ ಅವನ ಮುಖವನ್ನೇ ನೋಡುತ್ತಿದ್ದಳು.

"ಏನಂದ್ರೀ ಅಪ್ಪ? ಗೊತ್ತಾತೇನು?"

"ಏನೂ ಗೊತ್ತಾಗಿಲ್ಲ," ಎಂದ ಸಿದರಾಯ. "ಬರೂ ಐತವಾರ ನಮ್ಮನ್ನ ಕರಿಯಾಕ ಗಾಡಿ ಕಳಸ್ತಾರಂತ."