ಹೆಂಡತಿಯ ಮುಖಕ್ಕೆ ಶೇಡ್ ಕಾರ್ಡ್

ಇಪ್ಪತ್ತೆರಡು ವರ್ಷದಿಂದ ಪೇಂಟ್ ಅಂಗಡಿ ನಡೆಸುತ್ತಿರುವ ನನಗೆ ಬಣ್ಣದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಹನ್ನೆರಡು ಡಬ್ಬಿಯಿಂದ ಎರಡು ಸಾವಿರ ಶೇಡು ತೆಗೆದುಕೊಡುವವನು ನಾನು. ಅಂಥವನ ಮನೆಯಲ್ಲಿ, ಅಳೆದರೆ ಒಂದು ಗೇಣು ದಾಟದ ಒಂದೇ ಒಂದು ಮುಖಕ್ಕೆ, ನಲವತ್ತಮೂರು ಬಾಟಲಿ! ಈ ಅನ್ಯಾಯವನ್ನು ವಾರದೊಳಗೆ ಐದಕ್ಕೆ ಇಳಿಸುತ್ತೇನೆ ಎಂದು ಕನ್ನಡಿಯ ಮುಂದೆ ನಿಂತು ಶಪಥ ಮಾಡಿದೆ. ಶಪಥ ಮಾಡುವವನ ಮುಖ ಕನ್ನಡಿಯಲ್ಲಿ ಪೂರ್ತಿ ಕಾಣುತ್ತಿರಲಿಲ್ಲ. ಬಾಟಲಿಗಳು ಅಡ್ಡ ಇದ್ದವು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿಯೇ. ಅವಳು ಬ್ಯಾಂಕಿನ ಮ್ಯಾನೇಜರ್. ಒಂದು ದಿನ ಮೊಬೈಲಿನಲ್ಲಿ ಏನನ್ನೋ ಓದುತ್ತ, "ಮಿನಿಮಲಿಸ್ಟ್ ಅಂತ ಬಂದಿದೆ ರೀ. ಮುಖಕ್ಕೆ ನಾಲ್ಕೈದು ಸಾಮಾನು ಇದ್ರೆ ಸಾಕಂತೆ. ನಾನೂ ಕಮ್ಮಿ ಮಾಡ್ಬೇಕು" ಅಂದಳು. ಇಂಥ ಮಾತನ್ನು ಕೇಳಿಸಿಕೊಂಡು "ಹೂಂ" ಅನ್ನಬೇಕೇ ಹೊರತು ಕಾರ್ಯಕ್ಕಿಳಿಯಬಾರದು ಎಂಬುದು ನನಗೆ ತಿಳಿದಿರಲಿಲ್ಲ. ನಮ್ಮ ವ್ಯಾಪಾರದಲ್ಲಿ ಗಿರಾಕಿಯ ಬಾಯಿಂದ ಮಾತು ಬಿದ್ದರೆ ಆರ್ಡರ್ ಬಂದ ಹಾಗೆ.

ಅದಕ್ಕೆ ಸರಿಯಾಗಿ ಒಂದು ದೊಡ್ಡ ಸಂದರ್ಭವೂ ಒದಗಿತ್ತು. ಅವಳಿಗೆ ಬಡ್ತಿ ಸಿಕ್ಕಿ ಬೇರೆ ಶಾಖೆಗೆ ವರ್ಗವಾಗಿತ್ತು. ಅವಳ ಈಗಿನ ಶಾಖೆಯಲ್ಲಿ ಮ್ಯಾನೇಜರ್ ಕೋಣೆಯ ಗೋಡೆಯ ಮೇಲೆ ಹಿಂದಿನವರ ಫೋಟೋಗಳ ಸಾಲು ಇದೆಯಂತೆ. ಹನ್ನೊಂದು ಗಂಡಸರು. ಹನ್ನೆರಡನೆಯದು ಅವಳದು, ಮೊದಲ ಹೆಂಗಸು. ಬರುವ ಬುಧವಾರ ಫೋಟೋ ತೆಗೆಯುವುದೆಂದು ಗೊತ್ತಾಗಿತ್ತು. ಒಮ್ಮೆ ಮೊಳೆ ಹೊಡೆದು ನೇತುಹಾಕಿದರೆ ಕಟ್ಟಡ ಬೀಳುವವರೆಗೆ ಅಲ್ಲೇ. "ಆ ಹನ್ನೊಂದು ಜನರ ಪಕ್ಕದಲ್ಲಿ ಬಾಡಿದ ಮುಖ ಇಟ್ಕೊಂಡು ಇರೋಕೆ ನನ್ ಕೈಲಾಗಲ್ಲ" ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು.

ಅಷ್ಟರಲ್ಲಿ ಅವಳಿಗೆ ಮೂರು ದಿನ ಮುಖ್ಯ ಕಚೇರಿಯಲ್ಲಿ ತರಬೇತಿ ಬಿತ್ತು. ಹೊರಡುವ ಬೆಳಿಗ್ಗೆ, ಕಾಫಿ ಕುಡಿಯುತ್ತಿದ್ದವಳ ಕೆನ್ನೆಗೆ ಅಂಗಡಿಯ ಶೇಡ್ ಕಾರ್ಡ್ ಹಿಡಿದು, ಬಣ್ಣ ಹೊಂದಿದ ಪಟ್ಟಿಗೆ ಗುರುತು ಹಾಕಿಕೊಂಡೆ. ಯಾಕೆಂದು ಕೇಳಿದಳು, ಸುಮ್ಮನೆ ಅಂದೆ. ಬಾಗಿಲಲ್ಲಿ ನಿಂತು ಅವಳು ಕೊಟ್ಟ ಅಪ್ಪಣೆ ಸ್ಪಷ್ಟವಾಗಿತ್ತು.

"ಬಳಸದೇ ಇರೋದನ್ನ ತೆಗೆದು ಬಿಸಾಕಿ. ಬಳಸೋದನ್ನ ಮಾತ್ರ ಮುಟ್ಟಬೇಡಿ."

"ಯಾವ್ಯಾವುದು ಬಳಸ್ತೀಯ?"

"ಎಲ್ಲಾನೂ."

ಆಟೋ ತಿರುವಿನಲ್ಲಿ ಮರೆಯಾದ ಮೇಲೆ ದಾಸ್ತಾನು ಪರೀಕ್ಷೆಗೆ ಕೂತೆ. ಹಗಲಿಗೆ ಒಂದು ಕ್ರೀಮು, ರಾತ್ರಿಗೆ ಒಂದು ಕ್ರೀಮು. ಚರ್ಮಕ್ಕೆ ಗಡಿಯಾರ ನೋಡಲು ಬರುತ್ತದೆಯೇ? ಕಣ್ಣಿನ ಕೆಳಗಿನ ಎರಡು ಬೆರಳಗಲದ ಜಾಗಕ್ಕೆ ಇಬ್ಬರು ಬೇರೆ ಬೇರೆ ಗುತ್ತಿಗೆದಾರರು. ಟೋನರ್ ಎಂಬುದನ್ನು ಮೂಸಿದೆ, ನೀರು. ನಾಲಿಗೆಗೆ ಹಚ್ಚಿದೆ, ನೀರೇ! ಸೀರಂ ಎಂಬುದಂತೂ ಪುಟ್ಟ ಬಾಟಲಿಯಲ್ಲಿ ಹನಿ ಲೆಕ್ಕದಲ್ಲಿ ಕೂತಿತ್ತು. ನಾನು ಲೀಟರಿನಲ್ಲಿ ಮಾರಿ ಬದುಕುವವನು, ಯಾರೋ ಹನಿಯಲ್ಲಿ ಮಾರಿ ಬಂಗಲೆ ಕಟ್ಟಿದ್ದಾರೆ. ಪ್ರೈಮರ್ ಎಂದು ಬರೆದ ಟ್ಯೂಬು ಕಂಡಾಗಲಂತೂ ಮೈಯೆಲ್ಲ ಉರಿಯಿತು. ಮೊದಲು ಪ್ರೈಮರ್, ಗುಳಿ ಬಿದ್ದಲ್ಲಿ ಪುಟ್ಟಿ, ಮೇಲೆ ಎರಡು ಕೋಟು. ಇದು ನನ್ನ ಕಸುಬು! ಅದನ್ನೇ ಹೆಬ್ಬೆರಳ ಗಾತ್ರದ ಟ್ಯೂಬಿಗೆ ತುಂಬಿ ನನ್ನ ಹೆಂಡತಿಗೇ ಮಾರಿದ್ದಾರಲ್ಲ!

ಆದರೆ ಬಿಸಾಡಲು ಕೈ ಬರಲಿಲ್ಲ. ವ್ಯಾಪಾರಿ ಮಾಲು ಬಿಸಾಡುವುದಿಲ್ಲ. ಡಬ್ಬಿಗಳ ತಳದಲ್ಲಿ ಉಳಿದದ್ದನ್ನು ಒಟ್ಟುಗೂಡಿಸುತ್ತಾನೆ. ಬಿಳಿಯದೆಲ್ಲ ಒಂದು ಡಬ್ಬಿಗೆ, ನೀರಿನಂತಿದ್ದದ್ದೆಲ್ಲ ಒಂದಕ್ಕೆ, ಪುಡಿಗಳೆಲ್ಲ ಒಂದಕ್ಕೆ. ಏಳು ಲಿಪ್‌ಸ್ಟಿಕ್‌ಗಳನ್ನು ಸೌಟಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಒಂದು ಮಾಡಿದೆ. ಉಳಿದದ್ದು ಫೌಂಡೇಶನ್, ಒಟ್ಟು ಆರು ಬಾಟಲಿ. ಒಂದು ಬಿಸಿಲುಗಾಲದ್ದು, ಒಂದು ಚಳಿಗಾಲದ್ದು, ಒಂದು ಅವಳ ತಂಗಿ ಕೊಟ್ಟದ್ದು, ಒಂದು ತಪ್ಪಾಗಿ ಕೊಂಡದ್ದು, ಎರಡು ಆ ತಪ್ಪನ್ನು ಸರಿಪಡಿಸಲು ಕೊಂಡದ್ದು. ಇದು ಸೌಟಿನ ಕೆಲಸವಲ್ಲ ಎಂದು ಅಂಗಡಿಗೆ ಒಯ್ದು, ಕಾಲು ಲೀಟರಿನ ಹೊಸ ಡಬ್ಬಿಗೆ ಅದರಿಂದಿಷ್ಟು ಇದರಿಂದಿಷ್ಟು ಸುರಿದು, ಪೇಂಟ್ ಕಲಸುವ ಯಂತ್ರಕ್ಕೆ ಬಿಗಿದು ಎರಡು ನಿಮಿಷ ಗಡಗಡ ಅಲ್ಲಾಡಿಸಿದೆ. ಪಕ್ಕದಲ್ಲಿ ನಿಂತಿದ್ದ ಪೇಂಟರ್ ಮೇಸ್ತ್ರಿ ಇಷ್ಟು ಕಡಿಮೆ ಮಾಲು ಯಾವ ಮನೆಗೆ ಎಂದು ವಿಚಾರಿಸಿದ. ನಮ್ಮ ಮನೆಗೇ ಅಂದೆ. ಒಳಗೋಡೆಗೋ ಹೊರಗೋಡೆಗೋ ಎಂದು ಕೇಳಿದ. ನಾನು ಮತ್ತೆ ಯಂತ್ರದ ಗುಂಡಿ ಒತ್ತಿದೆ.

ಮೂರನೆಯ ಸಲದ ಕಲಸುವಿಕೆಗೆ ಬಣ್ಣವು ಕಾರ್ಡಿನ ಗುರುತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಖಾಲಿ ಬಾಟಲಿಗಳನ್ನೆಲ್ಲ ಗುಜರಿಯವನ ಚೀಲಕ್ಕೆ ತುಂಬಿಸಿ ಕಳಿಸಿ, ಐದು ಡಬ್ಬಿಗಳನ್ನು ಕನ್ನಡಿಯ ಮುಂದೆ ಸಾಲಾಗಿ ಇಟ್ಟು ಕಾದೆ.

ಶನಿವಾರ ಸಂಜೆ ಅವಳು ಬಂದಳು. ಬ್ಯಾಗು ಕೆಳಗಿಡದೆ ನಿಂತೇ ನೋಡಿದಳು.

"ನನ್ ನೈಟ್ ಕ್ರೀಮ್ ಎಲ್ಲಿ?"

"ಇದ್ರಲ್ಲೇ ಇದೆ."

"ಹಗಲಿಂದು?"

"ಅದೂ ಇದ್ರಲ್ಲೇ."

"ಹಿಮ್ಮಡಿ ಒಡಕಿಗೆ ಹಚ್ಚೋದು?"

"ಅದೂ ಬೆಳ್ಳಗೇ ಇತ್ತು" ಅಂದೆ.

ಅವಳು ಲಿಪ್‌ಸ್ಟಿಕ್ ಡಬ್ಬಿ ತೆರೆದು, ಬೆರಳಿಗೆ ಒಂದಿಷ್ಟು ಸವರಿಕೊಂಡು ದೀಪದ ಕಡೆ ಹಿಡಿದಳು. "ಇದು ಗೇಟಿಗೆ ಹೊಡೆಯೋ ರೆಡ್ ಆಕ್ಸೈಡ್ ರೀ."

ಬೇಸರವಾದರೂ ಒಪ್ಪಲೇಬೇಕಾಯಿತು. ಅವಳು ಹೇಳಿದ ಶೇಡು ಸರಿಯಾಗಿತ್ತು. ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದು ವ್ಯರ್ಥವಾಗಿಲ್ಲ.

ನಾನು ಕೊನೆಯ ಅಸ್ತ್ರವಾಗಿ ಫೌಂಡೇಶನ್ ಡಬ್ಬಿ ಮುಂದಿಟ್ಟೆ. ಬಿರಡೆ ತೆಗೆದು ಒಂದು ತೊಟ್ಟು ಅವಳ ಕೆನ್ನೆಗೆ ಸವರಿದೆ. ಎಲ್ಲಿ ಸವರಿದ್ದೆಂದು ನನಗೇ ಗೊತ್ತಾಗಲಿಲ್ಲ! ಅವಳು ಕನ್ನಡಿಯ ಹತ್ತಿರ ಹೋದಳು, ದೂರ ಬಂದಳು, ಕಿಟಕಿಯ ಬಳಿ ನಿಂತು ನೋಡಿದಳು. ಕೊನೆಗೆ, ಇದೊಂದು ಪರವಾಗಿಲ್ಲ, ಬುಧವಾರ ಇದನ್ನೇ ಹಚ್ಚಿಕೊಳ್ಳುತ್ತೇನೆ ಅಂದಳು. ಉಳಿದ ನಾಲ್ಕರ ಬಗ್ಗೆ ಅವಳು ಹೇಳಿದ್ದು ಇಲ್ಲಿ ಬರೆಯುವಂಥದ್ದಲ್ಲ. ನನಗೆ ಕೇಳಿಸಿದ್ದು ಮೊದಲ ಮಾತು ಮಾತ್ರ. "ಪರವಾಗಿಲ್ಲ" ಎಂಬ ಒಂದು ಪದವನ್ನು ಇಟ್ಟುಕೊಂಡು ಸೋಮವಾರವಿಡೀ ಅಂಗಡಿಗೆ ಬಂದವರಿಗೆಲ್ಲ ಉಪನ್ಯಾಸ ಕೊಟ್ಟೆ.

ಮಂಗಳವಾರ ಸಂಜೆ ಅವಳು ಒಮ್ಮೆ ಹಚ್ಚಿ ನೋಡೋಣವೆಂದು ಡಬ್ಬಿ ಎತ್ತಿದಳು. ಅಲ್ಲಾಡಿಸಿದಳು. ಒಳಗಿನಿಂದ ಟಕ್ ಟಕ್ ಎಂದಿತು. ಮುಚ್ಚಳ ಕಿತ್ತರೆ, ಬಿಸಿಲಿಗೆ ಒಣಗಿದ ಕೆರೆಯ ತಳ! ಬಣ್ಣ ಬಿಡಲು ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು ಆಮೇಲೆ ಬಿರಡೆ ಹಾಕುವುದು ನಮ್ಮ ಅಂಗಡಿಯ ಪದ್ಧತಿ. ಶನಿವಾರ ಗೆದ್ದ ಖುಷಿಯಲ್ಲಿ ಬಿರಡೆಯನ್ನು ಜೇಬಿಗೆ ಹಾಕಿಕೊಂಡವನು ಮತ್ತೆ ಹಾಕಿರಲಿಲ್ಲ. ಡಬ್ಬಿ ಮೂರು ದಿನವೂ ಕನ್ನಡಿಯ ಪಕ್ಕದ ಕಿಟಕಿಯ ಬಿಸಿಲಲ್ಲಿ ಕೂತಿತ್ತು.

"ಹೋಗಲಿ," ಅಂದಳು ಅವಳು, ಬ್ಯಾಂಕಿನ ದನಿಯಲ್ಲಿ. "ಯಾವುದು ಎಷ್ಟೆಷ್ಟು ಹಾಕಿದ್ರಿ ಅಂತ ಬರೆದಿಟ್ಟಿದ್ದೀರಲ್ಲ? ಅವನ್ನೇ ತಂದು ಇನ್ನೊಂದ್ಸಲ ಮಾಡಿ."

ಬರೆದಿಟ್ಟಿರಲಿಲ್ಲ. ಬರೆದುಕೊಳ್ಳದೆ ಬಣ್ಣ ಕಲಸುವವನನ್ನು ನಾನೇ ಕೆಲಸದಿಂದ ತೆಗೆದುಹಾಕಿದ್ದೇನೆ. ಈಗ ನನ್ನನ್ನು ತೆಗೆದುಹಾಕುವವರು ಯಾರು?

ಚಾಕುವಿನಿಂದ ಒಣಗಿದ ಚಕ್ಕೆಯೊಂದನ್ನು ಎಬ್ಬಿಸಿ, ಕಾಗದದಲ್ಲಿ ಸುತ್ತಿಕೊಂಡು, ಅವಳೊಡನೆ ಸೌಂದರ್ಯ ಸಾಮಗ್ರಿಯ ಅಂಗಡಿಗೆ ಓಡಿದೆ. ಗೋಡೆಯ ಚಕ್ಕೆ ಹಿಡಿದುಕೊಂಡು ಬಂದು "ಇದೇ ಬಣ್ಣ ಕೊಡಿ" ಎನ್ನುವ ಗಿರಾಕಿಗಳನ್ನು ನಾನು ಎಷ್ಟು ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. ಅದೇ ಭಂಗಿಯಲ್ಲಿ ಗಾಜಿನ ಕೌಂಟರಿನ ಮುಂದೆ ನಿಂತು ಕಾಗದ ಬಿಚ್ಚಿದೆ. ಮಾರಾಟದ ಹೆಂಗಸು ಚಕ್ಕೆಯನ್ನು ಎರಡು ಉಗುರಲ್ಲಿ ಎತ್ತಿ ನೋಡಿದಳು.

"ಸರ್, ಇದು ಯಾವ ಗೋಡೆದು?"

"ಗೋಡೆದಲ್ಲ. ನನ್ ಹೆಂಡತಿದು."

ಆಕೆ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಮುಖಕ್ಕೆ ಯಾರೂ ಹೀಗೆ ಚಕ್ಕೆ ತರುವುದಿಲ್ಲ ಎಂದು ಮಗುವಿಗೆ ಹೇಳುವಂತೆ ಹೇಳಿ, ಮೇಡಂ ಬಂದಿದ್ದರೆ ಚೆನ್ನಾಗಿತ್ತು ಅಂದಳು. ಮೇಡಂ ಆಗಲೇ ಒಳಗಿನ ಕಪಾಟಿನ ಮುಂದೆ ಬುಟ್ಟಿ ಹಿಡಿದು ನಿಂತಿದ್ದಳು.

ಮುಂದಿನ ಎರಡು ಗಂಟೆ ನಾನು ಅವಳ ಹಿಂದೆ ಕಪಾಟಿನಿಂದ ಕಪಾಟಿಗೆ ಅಲೆದೆ. ಹಗಲಿನದಕ್ಕೂ ರಾತ್ರಿಯದಕ್ಕೂ ಏನು ವ್ಯತ್ಯಾಸ ಎಂದು ನಾನೊಮ್ಮೆ ಬಾಯಿ ಹಾಕಿದೆ. ಅಗ್ಗದ ಡಿಸ್ಟೆಂಪರ್ ಹೊಡೆದರೆ ಗೋಡೆ ಏನಾಗುತ್ತದೆಂದು ನಾನು ಗಿರಾಕಿಗಳನ್ನು ಹೆದರಿಸುವ ಅದೇ ತಾಳ್ಮೆಯಲ್ಲಿ ಆ ಮಾರಾಟದ ಹೆಂಗಸು ನನ್ನನ್ನು ಹೆದರಿಸಿದಳು. ಬೆಳಗಾದರೆ ಫೋಟೋ. ಎದುರಾಡುವ ಸ್ಥಿತಿ ನನ್ನದಾಗಿರಲಿಲ್ಲ. ಒಂದು ಬುಟ್ಟಿ ತುಂಬಿತು, ಎರಡನೆಯದನ್ನು ನಾನೇ ತಂದುಕೊಟ್ಟೆ. ಬಿಲ್ಲಿನಲ್ಲಿ ನಲವತ್ತಾರು ಸಾಲುಗಳಿದ್ದವು.

ಬುಧವಾರ ಅವಳು ಹೊರಟಾಗ ನೋಡಿದೆ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು ಫಿನಿಶಿಂಗು. ಆ ಬಣ್ಣವನ್ನು ಗೋಡೆಯ ಮೇಲೆ ಕಣ್ಣಾರೆ ನೋಡಲೇಬೇಕೆಂದು, ಫೋಟೋ ಹಾಕಿದ ದಿನ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೋದೆ. ಅವಳ ಕೋಣೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ತಲೆ ಎತ್ತಿದೆ. ಹನ್ನೆರಡು ಚೌಕಟ್ಟು. ಹನ್ನೆರಡೂ ಕಪ್ಪುಬಿಳುಪು!

"ಏನೇ ಇದು, ಬಣ್ಣವೇ ಇಲ್ಲ!"

"ಮೆಲ್ಲಗೆ. ಹೊರಗೆ ಜನ ಇದ್ದಾರೆ. ಮೊದಲಿಂದಾನೂ ಹೀಗೇ ರೀ, ಸಾಲು ಕೆಡಬಾರದು ಅಂತ."

"ನಿನಗೆ ಮೊದಲೇ ಗೊತ್ತಿತ್ತಾ?"

"ಮೂರು ವರ್ಷದಿಂದ ದಿನಾ ಇದರ ಕೆಳಗೇ ಕೂತಿದ್ದೀನಲ್ಲ."

"ಮತ್ತೆ ಆ ಮಂಗಳವಾರ ಸಂಜೆ ಯಾಕೆ ಹೇಳಲಿಲ್ಲ?"

ಅವಳು ಮೇಜಿನ ಮೇಲಿನ ಕಾಗದಗಳಿಗೆ ಸಹಿ ಹಾಕುತ್ತಲೇ ಇದ್ದಳು.

"ಹೇಳಿದ್ದಿದ್ರೆ ಎರಡನೇ ಬುಟ್ಟಿ ತಂದುಕೊಡ್ತಿದ್ರಾ?"